ತೊಂಬತ್ತು ನಿಮಿಷದ ಬಿಡಿನೋಟ

ಅವ್ವ ನನ್ನ ಮುಖ ಮರೆತು ಹನ್ನೆರಡು ವರ್ಷವಾಯಿತು. ಮಣಿಕಟ್ಟು ಮರೆತಿಲ್ಲ.

ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆ ಅವಳು ಕಿಟಕಿಯ ಕಟ್ಟೆಯಿಂದ ತಿರುಗಿ ನೋಡುತ್ತಾಳೆ. ನನ್ನ ದನಿಯ ಗುರುತು ಅವಳಿಗಿದೆ. ಆದರೆ ಕಿವಿ ಒಪ್ಪಿದ್ದನ್ನು ಕಣ್ಣು ಒಪ್ಪಬೇಕಲ್ಲ. "ಕೈ ತೋರಸು," ಅನ್ನುತ್ತಾಳೆ. ನಾನು ಎಡಗೈ ಚಾಚುತ್ತೇನೆ. ಮಣಿಕಟ್ಟಿನ ಒಳಬದಿಗೆ, ನಾನು ಆರು ವರ್ಷದವಳಿದ್ದಾಗ ರೊಟ್ಟಿಯ ಹಂಚು ತಾಗಿ ಆದ ಕಲೆಯಿದೆ, ಹುಣಸೆಬೀಜದಷ್ಟು. ಅದರ ಮೇಲೆ ಹೆಬ್ಬೆರಳು ಆಡಿಸಿ, "ಬಂದ್ಯಾ ಸುಗಲಾ," ಅನ್ನುತ್ತಾಳೆ. ಅಲ್ಲಿಂದ ಮುಂದೆ ನಾನು ಅವಳ ಮಗಳು.

ಅವಳ ಕಣ್ಣಿಗೆ ಏನೂ ಆಗಿಲ್ಲ. ಎಪ್ಪತ್ತೊಂದರಲ್ಲೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ. ನನ್ನ ಮೂಗು ಕಾಣುತ್ತದೆ, ಹುಬ್ಬು ಕಾಣುತ್ತದೆ, ಹುಬ್ಬಿನ ನಡುವಿನ ಒಂದು ಬಿಳಿ ಕೂದಲೂ ಕಾಣುತ್ತದೆ. ಅವೆಲ್ಲ ಸೇರಿ ಮುಖವಾಗುವುದಿಲ್ಲ, ಅಷ್ಟೆ. ರೊಟ್ಟಿಯ ಮೇಲಿನ ಸುಟ್ಟ ಚುಕ್ಕೆಗಳನ್ನು ಎಣಿಸಿ ಹೇಳುತ್ತಾಳೆ, ರೊಟ್ಟಿ ದುಂಡಗಿದೆಯೋ ಇಲ್ಲವೋ ಹೇಳಲಾರಳು.

ಅವಳು, ತೋಟವ್ವ ಹೂಗಾರ, ಒಂದು ಕಾಲಕ್ಕೆ ಧಾರವಾಡದಲ್ಲಿ ಹೆಸರು ಹೇಳಿ ಹುಡುಕಿಕೊಂಡು ಬರುತ್ತಿದ್ದ ಕಸೂತಿಯವಳು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೆಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಹೋಗಬೇಕು. ಗಾವಂತಿ ಎಂಬ ಹೊಲಿಗೆಯಲ್ಲಂತೂ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತ ಹೋಗಿ, ಹೋದ ದಾರಿಯಲ್ಲೇ ಹಿಂತಿರುಗಿ, ಬಿಟ್ಟ ಮನೆಗಳನ್ನು ತುಂಬುತ್ತ ಹೊರಟಲ್ಲಿಗೇ ಬಂದು ಮುಟ್ಟಬೇಕು. ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ಅವ್ವನ ಕಣ್ಣು ನಾಲ್ಕು ಎಳೆ ಎಣಿಸುತ್ತಿತ್ತು, ಮರುಗಳಿಗೆ ಎದ್ದು ಇಡೀ ಗೋಪುರದ ಚಿತ್ತಾರ ನೋಡುತ್ತಿತ್ತು, ಮತ್ತೆ ನಾಲ್ಕು ಎಳೆಗೆ ಇಳಿಯುತ್ತಿತ್ತು.

ಈಗಲೂ ಹೊಲಿಯುತ್ತಾಳೆ. ಗಜಗಟ್ಟಲೆ ಬಟ್ಟೆಯ ಮೇಲೆ ಒಂದೂ ತಪ್ಪಿಲ್ಲದ ಹೊಲಿಗೆಗಳು, ಸಾಲಿನ ಕೆಳಗೆ ಸಾಲು. ಗೋಪುರವಿಲ್ಲ, ನವಿಲಿಲ್ಲ, ತುಳಸಿಕಟ್ಟೆಯಿಲ್ಲ. ಪಕ್ಕದ ಮನೆಯ ಕಮಲಾಬಾಯಿ ಒಮ್ಮೆ ನೋಡಿ, "ತೋಟಕ್ಕಾ, ಇದೇನ್ ಇರುವಿ ಸಾಲ ಹಚ್ಚೀಯೇನ?" ಎಂದು ನಕ್ಕರು. ಅವ್ವನೂ ನಕ್ಕಳು. ಅವರು ಹೋದ ಮೇಲೆ ಬಟ್ಟೆಯನ್ನು ಮಡಚಿ ಗೋಡೆಯ ಕಡೆ ತಿರುಗಿಸಿಟ್ಟಳು. ಕಳೆದುಕೊಂಡದ್ದು ಏನೆಂದು ಕಣ್ಣು ಮರೆತಿರಬಹುದು, ಬೆರಳು ಮರೆತಿಲ್ಲ.

ಇದನ್ನು ಅವಳಿಗೆ ಮಾಡಿದವರು ಡಾಕ್ಟರ್ ಶ್ರೀಪಾದ ಕಟಗೇರಿ. ಗುಂಡಿ ಒತ್ತಿದವಳು ನಾನು.

*

ಪಟ್ಟಿ ಇಲ್ಲದ ಕಾಲ ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಹಣೆಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ ಅದು. ಕಿವಿಯ ಮೇಲ್ಭಾಗದಲ್ಲಿ ಎರಡು ತಣ್ಣನೆಯ ಬಿಲ್ಲೆಗಳು. ಅವುಗಳಿಂದ ಸಣ್ಣ ವಿದ್ಯುತ್ತು ಮಿದುಳಿಗೆ ಹರಿಯುತ್ತದೆ. ಇಪ್ಪತ್ತು ನಿಮಿಷ ಕಟ್ಟಿಕೊಂಡರೆ ತೊಂಬತ್ತು ನಿಮಿಷ ನೋಟದ ರೀತಿ ಬದಲಾಗುತ್ತದೆ.

ಕಟಗೇರಿಯವರ ಪ್ರಶ್ನೆ ಮೊದಲಿಗೆ ಬಹಳ ಸರಳವಾಗಿತ್ತು. ಪರದೆಯ ಮೇಲೆ ಒಂದು ದೊಡ್ಡ 'ತ' ತೋರಿಸುತ್ತಿದ್ದರು. ದಿಟ್ಟಿಸಿದರೆ ಆ 'ತ' ಆಗಿರುವುದು ಸಣ್ಣ ಸಣ್ಣ 'ಸ'ಗಳಿಂದ. ಕೆಲವರ ಕಣ್ಣಿಗೆ ದೊಡ್ಡದು ಮೊದಲು ಬೀಳುತ್ತದೆ, ಕೆಲವರಿಗೆ ಸಣ್ಣದು. ದೊಡ್ಡದನ್ನು ಮೊದಲು ಕಂಡವರಿಗೆ 'ಹಳೆಯ ಕೊಡೆಯಿಂದ ಏನೇನು ಮಾಡಬಹುದು' ಎಂದು ಕೇಳಿದರೆ ಮೂವತ್ತು ಉತ್ತರ ಬರುತ್ತಿದ್ದವು. ಸಣ್ಣದನ್ನು ಮೊದಲು ಕಂಡವರು ಆರಕ್ಕೇ ನಿಲ್ಲುತ್ತಿದ್ದರು, ಆದರೆ ಒಂದು ಪುಟ ಲೆಕ್ಕದಲ್ಲಿ ಅಡಗಿಸಿಟ್ಟ ತಪ್ಪನ್ನು ಕಣ್ಣು ಮಿಟುಕಿಸುವುದರೊಳಗೆ ಹಿಡಿಯುತ್ತಿದ್ದರು. ಕಣ್ಣು ನೋಡುವ ರೀತಿಯಲ್ಲೇ ಮನಸ್ಸು ಯೋಚಿಸುತ್ತದೆ ಎನ್ನುವುದು ಅವರ ಮಾತು. ಹಾಗಿದ್ದರೆ ನೋಟವನ್ನು ತಿರುಗಿಸಿದರೆ ಯೋಚನೆಯೂ ತಿರುಗಬೇಕಲ್ಲ?

ತಿರುಗಿತು. ದೊಡ್ಡದನ್ನು ಕಾಣುವ ನೋಟಕ್ಕೆ 'ಇಡಿ', ಸಣ್ಣದನ್ನು ಕಾಣುವುದಕ್ಕೆ 'ಬಿಡಿ' ಎಂದು ಜನ ತಾವೇ ಹೆಸರಿಟ್ಟುಕೊಂಡರು. ನೋಂದಣಿ ಕಚೇರಿಯ ಗುಮಾಸ್ತರು ಬೆಳಿಗ್ಗೆ ಬಿಡಿ ಹಾಕಿಕೊಂಡು ಕೂರುತ್ತಾರೆ. ಜಾಹೀರಾತಿನವರು, ಭಾಷಣದವರು ಇಡಿ ಹಾಕಿಕೊಳ್ಳುತ್ತಾರೆ. ಗಣಿತದ ಪರೀಕ್ಷೆಗೆ ಬಿಡಿ, ಪ್ರಬಂಧಕ್ಕೆ ಇಡಿ. ಬೀಗರು ಮನೆಗೆ ಬರುತ್ತಾರೆಂದರೆ, "ಅತ್ತಿಯಾರಿಗೆ ಇಡಿ ಹಾಕಿ ಕರಕೊಂಡ್ ಬರ್ರಿ, ಇಲ್ಲಾಂದ್ರ ಮಾಡದಾಗಿನ ಧೂಳು ಎಣಸ್ತಾರ," ಎಂದು ಹೆಣ್ಣುಮಕ್ಕಳು ಚೇಷ್ಟೆ ಮಾಡುತ್ತಾರೆ.

ಹಾಕಿಕೊಂಡವರಿಗೆ ತಮ್ಮ ನೋಟ ಬದಲಾಗಿದೆ ಅನ್ನಿಸುವುದೇ ಇಲ್ಲ. ಎಲ್ಲರಿಗೂ ತಮ್ಮ ನೋಟ ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಗದಗಿನ ಕಡೆಯ ಒಬ್ಬ ಗುಮಾಸ್ತನ ಕಥೆ, ಕಟಗೇರಿಯವರ ಕೈಕೆಳಗೆ ನಾನು ಕೆಲಸ ಮಾಡುವ ಸಂಸ್ಥೆಯಲ್ಲಿ ಎಲ್ಲರಿಗೂ ಗೊತ್ತು. ಬಿಡಿ ಇಳಿಯುವ ಮೊದಲೇ ಕಚೇರಿಯಿಂದ ಮನೆಗೆ ಹೋದನಂತೆ. ಅಲ್ಲಿ ಮಗಳನ್ನು ನೋಡಲು ಗಂಡಿನವರು ಬಂದು ಕೂತಿದ್ದರು. ಅವರ ಕೈಯಲ್ಲಿದ್ದ ಜಾತಕ ತೆಗೆದುಕೊಂಡು ಅವರೆದುರಿಗೇ ಪೆನ್ನಿನಿಂದ ಮಗಳ ಹುಟ್ಟಿದ ವರ್ಷ ತಿದ್ದಿದನಂತೆ. ವಯಸ್ಸು ಮೂರು ವರ್ಷ ಕಡಿಮೆಯಾಗುವಂತೆ ಬರೆದಿದ್ದವನೂ ಅವನೇ. ಹೆಂಡತಿ ಹಣೆ ಚಚ್ಚಿಕೊಂಡರೆ, "ತಪ್ಪಿತ್ತು, ತಿದ್ದಿದೆ," ಎಂದನಂತೆ, ಬಹಳ ಸಮಾಧಾನದಿಂದ. ನಾವೆಲ್ಲ ಊಟದ ಹೊತ್ತಿಗೆ ಆ ಕಥೆ ಹೇಳಿಕೊಂಡು ನಗುತ್ತಿದ್ದೆವು. ನಾನು ಅದನ್ನು ನಕ್ಕು ಮರೆಯಲಿಲ್ಲ, ತೆಗೆದಿಟ್ಟುಕೊಂಡೆ.

*

ಶ್ರಾವಣದ ಒಂದು ಬೆಳಿಗ್ಗೆ ಕಟಗೇರಿಯವರು ನನ್ನನ್ನು ಕೋಣೆಗೆ ಕರೆದರು. ಗೋಡೆಯ ಮೇಲೆ ಪ್ರಶಸ್ತಿಗಳು. ಮೇಜಿನ ಮೇಲೆ ಒಂದು ಸೀರೆಯ ಪೆಟ್ಟಿಗೆ.

"ಬಾ ಸುಗಲಾ, ಕೂಡು. ಬರೋ ಬುಧವಾರ ಮಂತ್ರಿಗಳು ಬರ್ತಾರ. ಶಾಲಿ ಹುಡುಗ್ರಿಗೆಲ್ಲಾ ಪಟ್ಟಿ ಕೊಡೋ ಯೋಜನಾಕ್ಕ ಅವತ್ತ ಸಹಿ. ನಮ್ಮ ಸುರಕ್ಷತಾ ವರದಿ ಅವರ ಕೈಯಾಗ ಇಡಬೇಕು. ಅವತ್ತ ನಿಮ್ಮ ತಾಯಿಯವರನ್ನ ವೇದಿಕಿ ಮ್ಯಾಲ ಸನ್ಮಾನ ಮಾಡೋಣಂತ."

"ನಮ್ಮವ್ವನ್ನಾ?"

"ಹೂಂ. ಮೊದಲನೇ ತಂಡದಾಗ ಉಳದವರು ಅವರೊಬ್ಬರಽ ಅಲ್ಲಾ? ಪಟ್ಟಿಯ ತಾಯಿ ಅಂತ ಪತ್ರಿಕಾದವರು ಬರೀತಾರ. ಛಂದ ಕಾಣಸ್ತದ." ಅವರು ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. "ಇದು ಅವರು ಈ ವರ್ಷ ಹಾಕಿದ ಕಸೂತಿ ಅಂತ ತೋರಸೋಣ."

ತೆರೆದು ನೋಡಿದೆ. ಕಪ್ಪು ಚಂದ್ರಕಾಳಿ ಸೀರೆ. ಸೆರಗಿನ ಮೇಲೆ ಗೋಪುರಗಳ ಸಾಲು, ಅಚ್ಚುಕಟ್ಟಾಗಿ. ಮಗುಚಿ ನೋಡಿದೆ. ಹಿಂಬದಿಯಲ್ಲಿ ದಾರದ ಗಂಟುಗಳು, ಒಂದರ ಮೇಲೊಂದು, ಕೂದಲು ಸಿಕ್ಕುಗಟ್ಟಿದ ಹಾಗೆ. ಯಂತ್ರದ ಕೆಲಸ.

"ಸರ್, ಅವ್ವ ಈಗ ಗೋಪುರ ಹಾಕಂಗಿಲ್ಲಲ್ರಿ."

"ಗೊತ್ತದವಾ. ವಯಸ್ಸಾತು. ಎಪ್ಪತ್ತು ದಾಟಿದ ಮ್ಯಾಲ ಕಣ್ಣು, ತಲಿ ಎಲ್ಲಾ ಹಂಗಽ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡು, ನೀ ಯಾವಾಗ್ಲೂ ಬಿಡಿಬಿಡಿಯಾಗಿ ಹಿಡಕೊಂಡ ಕೂಡ್ತಿ. ಒಟ್ಟು ಚಿತ್ರ ನೋಡಬೇಕು. ನಲವತ್ತು ಲಕ್ಷ ಹುಡುಗರು. ಅದರ ಮುಂದ ಒಂದು ಸೀರಿ ಏನು?"

ಹನ್ನೆರಡು ವರ್ಷದಲ್ಲಿ ಅವರು ಈ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದಾರೋ. ಒಟ್ಟು ಚಿತ್ರ. ನನ್ನ ಹೆಸರು ಲೇಖನದಲ್ಲಿ ಇಲ್ಲವೆಂದಾಗ, ನಾನು ಹುಡುಕಿದ ದೋಷ ಅವರ ಹೆಸರಿನಲ್ಲಿ ಪ್ರಕಟವಾದಾಗ, ಅವ್ವ ನನ್ನನ್ನು ಯಾರೆಂದು ಕೇಳಿದ ದಿನ ನಾನು ಅವರೆದುರು ಅತ್ತಾಗ. ಅವರು ಬೆಳಿಗ್ಗೆ ಒಂದು ಸಲ, ಭಾಷಣವಿದ್ದರೆ ಇನ್ನೊಂದು ಸಲ ಇಡಿ ಹಾಕಿಸಿಕೊಳ್ಳುತ್ತಾರೆ. ಅವರ ಜಗತ್ತಿನಲ್ಲಿ ಬೆಟ್ಟಗಳಿವೆ, ಕಲ್ಲುಗಳಿಲ್ಲ.

"ಆಗ್ಲಿರಿ," ಎಂದೆ. "ಕರಕೊಂಡ್ ಬರ್ತೀನಿ."

*

ಅವ್ವನಿಗೆ ಉಡಿಸಲು ಒಳ್ಳೆಯ ಸೀರೆ ಬೇಕೆಂದು ಭಾನುವಾರ ಮಧ್ಯಾಹ್ನ ಅವಳ ಟ್ರಂಕು ತೆಗೆದೆ. ಒಣಗಿದ ಬೇವಿನ ಎಲೆಗಳ ನಡುವೆ ಇಳಕಲ್ ಸೀರೆಗಳು. ಪ್ರತಿ ಮಡಿಕೆಯ ನಡುವೆಯೂ ಒಂದೊಂದು ಹಾಳೆ. ಗಟ್ಟಿ ಕಾಗದ ಸಿಕ್ಕರೆ ಅವ್ವ ಬಿಸಾಡುವವಳಲ್ಲ, ಜರಿ ಕಪ್ಪಾಗದಿರಲಿ ಎಂದು ಸೀರೆಯಲ್ಲಿ ಇಡುತ್ತಾಳೆ. ಒಂದನ್ನು ಎಳೆದು ನೋಡಿದೆ. ನನ್ನ ಕೈಬರಹ.

ಪ್ರಯೋಗದ ಪ್ರತಿ ಸರದಿಯ ವಿವರವನ್ನೂ ಎರಡು ಪ್ರತಿ ಬರೆದು ಒಂದನ್ನು ಭಾಗವಹಿಸಿದವರಿಗೆ ಕೊಡಬೇಕೆಂಬ ನಿಯಮವಿತ್ತು. ಕೊಟ್ಟವಳು ನಾನೇ. ಕೊಟ್ಟದ್ದು ನನಗೇ ಮರೆತುಹೋಗಿತ್ತು. ಅವ್ವನಿಗೆ ಓದು ಬಾರದು ಎಂದು ಕಟಗೇರಿಯವರೂ ಅದನ್ನು ಮರೆತಿದ್ದರು.

ನಲವತ್ತು ಹಾಳೆಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಕೂತೆ.

ಆಗ ನನಗೆ ಮೂವತ್ತನಾಲ್ಕು. ಗಂಡನ ಮನೆ ಬಿಟ್ಟು ಬಂದಿದ್ದೆ. ಸಂಸ್ಥೆಯಲ್ಲಿ ಹಂಗಾಮಿ ಕೆಲಸ, ಪ್ರತಿ ಆರು ತಿಂಗಳಿಗೊಮ್ಮೆ ಕಾಗದ ಬರುತ್ತದೋ ಇಲ್ಲವೋ ಎಂಬ ಹೆದರಿಕೆ. ಇಡಿ ಮತ್ತು ಬಿಡಿಯ ನಡುವೆ ತಾನಾಗಿಯೇ ಓಡಾಡಬಲ್ಲ ಕಣ್ಣೊಂದು ಬೇಕು ಎಂದು ಕಟಗೇರಿಯವರು ಹೇಳಿದಾಗ ನಾನು ಹಿಂದುಮುಂದು ನೋಡದೆ, "ನಮ್ಮವ್ವ ಅದಾಳ್ರೀ" ಎಂದೆ. ಅವರ ಮುಖ ಅರಳಿತು. ನನ್ನ ಕೆಲಸ ಖಾಯಂ ಆಯಿತು.

ಮೊದಲ ಇಪ್ಪತ್ತು ಸರದಿ ಬರೀ ನೋಡುವುದು. ಅವ್ವ ಹೊಲಿಯುತ್ತಿದ್ದಳು, ತಲೆಗೆ ಅಂಟಿಸಿದ ತಂತಿಗಳು ಬರೆದುಕೊಳ್ಳುತ್ತಿದ್ದವು. ಅವಳಿಗೆ ಖುಷಿಯೋ ಖುಷಿ. ದೊಡ್ಡ ಸಾಹೇಬರಿಗೆ ಗಾವಂತಿ ಕಲಿಸಿದಳು, ಗಂಟು ಕಂಡರೆ ಕೈಕೆಲಸವಲ್ಲ ಎಂದು ತಿಳಿಯಬೇಕು ಎಂದು ಹೇಳಿಕೊಟ್ಟಳು. "ಭಾಳ ಶ್ಯಾಣ್ಯಾ ಅದಾನ ನಿಮ್ಮ ಸಾಹೇಬ, ಬಟ್ಟಿ ಹೊಳ್ಳಿಸಿ ನೋಡಾಕ ಕಲ್ತಾನ," ಎಂದು ಮನೆಗೆ ಬಂದು ನಗುತ್ತಿದ್ದಳು.

ಆಮೇಲಿನ ಇಪ್ಪತ್ತು ಸರದಿ ತಳ್ಳುವುದು. ನೋಟವನ್ನು ಬಿಡಿಯ ಕಡೆಗೆ ಎಷ್ಟು ದೂರ ತಳ್ಳಬಹುದು ಎಂದು ನೋಡುವುದು. ಆ ಹಳೆಯ ಯಂತ್ರಕ್ಕೆ ತಳ್ಳುವುದು ಗೊತ್ತಿತ್ತು, ಕರೆತರುವುದು ಗೊತ್ತಿರಲಿಲ್ಲ.

ಮೂವತ್ತೊಂದನೆಯ ಹಾಳೆ. ನನ್ನ ಅಕ್ಷರ ಸ್ವಲ್ಪ ಓರೆಯಾಗಿದೆ. 'ಭಾಗಿ ಏಳು: ಸಾಹೇಬ್ರ, ಗೋಪುರ ಕಾಣವಲ್ದು, ನಿಲ್ಲಸ್ರಿ ಎಂದು ಹೇಳಿದರು. ಮುಂದುವರಿಸಲು ಆದೇಶ: ಶ್ರೀ. ಕಟಗೇರಿ. ಯಂತ್ರ ನಡೆಸಿದವರು: ಸುಗಲಾ ಹೂಗಾರ.'

ಅವತ್ತು ಅವ್ವ ಕೈಯಲ್ಲಿನ ಬಟ್ಟೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ನನ್ನತ್ತ ನೋಡಿ, "ಸುಗಲಾ, ಹೇಳ ಇವರಿಗೆ" ಎಂದಳು. ನಾನು ಕಟಗೇರಿಯವರ ಕಡೆ ನೋಡಿದೆ. "ಇನ್ನ ಒಂಬತ್ತಽ ಉಳದಾವ, ದಣಿವು ಅದು," ಎಂದರು ಅವರು. ನಾನು ಗುಂಡಿ ಒತ್ತಿದೆ. ಆಮೇಲೆ ಒಂಬತ್ತು ದಿನ, ದಿನಕ್ಕೊಮ್ಮೆ ಒತ್ತಿದೆ.

ಅವ್ವನ ಒಳಗಿನ ದಾರಿ ಮುರಿದ ಮೇಲೆಯೇ ಹಿಂತಿರುಗುವ ದಾರಿಯೊಂದು ಬೇಕೆಂದು ಅವರಿಗೆ ಹೊಳೆದದ್ದು. ಅವಳ ಮೊದಲ ಇಪ್ಪತ್ತು ಸರದಿಗಳಲ್ಲಿ ತಂತಿಗಳು ಬರೆದುಕೊಂಡದ್ದರಿಂದಲೇ ಹಿಂತಿರುಗಿಸುವ ಸಂಕೇತವನ್ನು ಹೆಕ್ಕಿ ಪಟ್ಟಿಯೊಳಗೆ ಇಟ್ಟರು. ಇವತ್ತು ಜಗತ್ತಿನಲ್ಲಿ ಯಾರೇ ಪಟ್ಟಿ ಕಟ್ಟಿಕೊಂಡು ತೊಂಬತ್ತು ನಿಮಿಷಕ್ಕೆ ತಮ್ಮ ನೋಟಕ್ಕೆ ಮರಳಿದರೆ, ಅವ್ವನ ಗಾವಂತಿಯ ದಾರಿಯಲ್ಲೇ ಮರಳುತ್ತಾರೆ. ಅವಳೊಬ್ಬಳು ಮರಳಲಿಲ್ಲ. ಹಿಂತಿರುಗಿಸುವ ಸಂಕೇತ ಅವಳ ಮೇಲೆಯೇ ನಾಟಲಿಲ್ಲ. ತಡವಾಗಿತ್ತು.

ಸಂಸ್ಥೆಯ ಪ್ರತಿಯಲ್ಲಿ ಮೂವತ್ತೊಂದನೆಯ ಸರದಿಗೆ 'ಸ್ವಲ್ಪ ದಣಿವು' ಎಂದಿದೆ, ಅವರ ಅಕ್ಷರದಲ್ಲಿ. ಅದನ್ನು ನಾನು ನೋಡಿದ್ದೆ. ಸುಮ್ಮನಿದ್ದೆ.

ಹಾಸಿಗೆಯ ಮೇಲೆ ಕೂತು ನಾನು ಅಳಲಿಲ್ಲ. ಹಾಳೆಗಳನ್ನು ಅಂಕಿಯ ಪ್ರಕಾರ ಜೋಡಿಸಿದೆ. ಕೊನೆಯ ಹತ್ತನ್ನು ಬೇರೆ ತೆಗೆದೆ. ಪತ್ರಿಕೆಯವರಿಗೆ ಕೊಡಬಹುದಿತ್ತು. ಕೊಟ್ಟರೆ ಕಟಗೇರಿಯವರು ವಯಸ್ಸು, ದಣಿವು, ಅನಕ್ಷರಸ್ಥೆಯ ಮಾತು, ಹೊಟ್ಟೆಕಿಚ್ಚಿನ ನೌಕರಿಯವಳು ಎಂದು ಹೇಳಿ ಒಟ್ಟು ಚಿತ್ರ ತೋರಿಸುತ್ತಿದ್ದರು. ಬೇರೆಯವರು ಹೇಳುವುದಲ್ಲ, ಅವರೇ ಹೇಳಬೇಕು. ಅವರ ಬಾಯಿಂದ, ಮೈಕಿನಲ್ಲಿ, ಅವ್ವನ ಎದುರಿಗೆ.

"ಏನ್ ಹುಡುಕಾಕತ್ತಿ?" ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ನಿನಗ ಸೀರಿ, ಅವ್ವಾ."

"ಕೆಂಪಂಚಿಂದು ತಗಿ. ಸಾಹೇಬ ಕರದಾನಂತ, ಸುಮ್ನ ಹೋಗಾಕಾಗತೈತಿ?"

*

ಬುಧವಾರ ಹತ್ತೂವರೆಗೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಕಟಗೇರಿಯವರು ಕುರ್ಚಿಗೆ ಒರಗಿ ಕೂತರು. ರೇಷ್ಮೆ ಜುಬ್ಬಾ, ಹೆಗಲ ಮೇಲೆ ಶಲ್ಯ.

"ಇಡಿ ಹಾಕವಾ. ಇವತ್ತ ಸ್ವಲ್ಪ ಜಾಸ್ತಿನ ಇರ್ಲಿ. ಸಭಾ ದೊಡ್ಡದದ."

ಕಣ್ಣು ಮುಚ್ಚಿಕೊಂಡರು. ಯಾವತ್ತೂ ಹಾಗೇ. ಹನ್ನೆರಡು ವರ್ಷ ನನ್ನ ಕೈಗೆ ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡಿದ್ದಾರೆ. ನನ್ನ ಬಗ್ಗೆ ಅವರಿಗೆ ಅನುಮಾನವೇ ಇಲ್ಲ. ಕಲ್ಲುಗಳೇ ಕಾಣದವನಿಗೆ ಯಾವ ಕಲ್ಲಿನ ಭಯ?

ಪಟ್ಟಿ ಕಟ್ಟಿದೆ. ಯಂತ್ರದ ತಿರುಗಣೆಯನ್ನು ಬಿಡಿಯ ಕಡೆ ತಿರುಗಿಸಿದೆ, ಎಂಟರ ತನಕ. ಗುಮಾಸ್ತರಿಗೆ ಮೂರೇ ಸಾಕು.

ಯಂತ್ರದ ಹಿಂಬದಿಗೆ ಒಂದು ಸಣ್ಣ ಮುಚ್ಚಳವಿದೆ. ಅದರೊಳಗೆ ಪ್ರಯೋಗದ ಕಾಲದಿಂದ ಉಳಿದ ಹಳೆಯ ಗುಂಡಿ. ಅದನ್ನು ಒತ್ತಿದರೆ ಹಿಂತಿರುಗಿಸುವ ಸಂಕೇತ ನಿಂತುಹೋಗುತ್ತದೆ, ಬರೀ ತಳ್ಳುವುದು ಉಳಿಯುತ್ತದೆ. ಹಳೆಯ ಯಂತ್ರದಲ್ಲಿ ಇಪ್ಪತ್ತು ದಿನ ಹಿಡಿದ ಕೆಲಸಕ್ಕೆ ಈಗಿನದರಲ್ಲಿ, ಎಂಟರಲ್ಲಿ, ಇಪ್ಪತ್ತು ನಿಮಿಷ ಸಾಕು. ಬೀಗದ ಕೈ ನನ್ನಲ್ಲೇ ಇತ್ತು. ಮುಚ್ಚಳ ತೆಗೆದೆ. ಗುಂಡಿಯ ಮೇಲೆ ಬೆರಳಿಟ್ಟೆ. ಅವರ ಕಿವಿಯ ಹಿಂದೆ ಅತ್ತರಿನ ವಾಸನೆ. ಬಾಯಿ ಸ್ವಲ್ಪ ತೆರೆದಿತ್ತು, ನಿದ್ದೆ ಹೋಗುವ ಮಕ್ಕಳ ಹಾಗೆ.

ಬೆರಳು ತೆಗೆದೆ. ಮುಚ್ಚಳ ಹಾಕಿ ಬೀಗ ತಿರುಗಿಸಿದೆ. ಕರುಣೆಯಿಂದ ಅಲ್ಲ. ಅದನ್ನು ಯಾರೂ ತಪ್ಪು ತಿಳಿಯಬಾರದು.

ವರದಿಯಲ್ಲಿ ಅವರು ಸಭೆಗೆ ಓದಬೇಕಿದ್ದ ನಲವತ್ತೆರಡನೆಯ ಪುಟದಲ್ಲಿ ಆ ಹತ್ತು ಹಾಳೆಗಳನ್ನು ಇಟ್ಟೆ.

*

ಸಭೆಯಲ್ಲಿ ಅವ್ವ ಮೊದಲ ಸಾಲಿನಲ್ಲಿ ಕೂತಿದ್ದಳು, ಕೆಂಪಂಚಿನ ಸೀರೆಯಲ್ಲಿ, ಪಕ್ಕದಲ್ಲಿ ಕಮಲಾಬಾಯಿ. ನಾನು ಗೋಡೆಯ ಬದಿಗೆ ನಿಂತೆ. ಹನ್ನೊಂದೂಕಾಲಕ್ಕೆ ಕಟಗೇರಿಯವರು ಮೈಕಿನ ಮುಂದೆ ಬಂದರು. ಬರುವ ದಾರಿಯಲ್ಲಿ ಒಮ್ಮೆ ಬಗ್ಗಿ ಜಮಖಾನೆಯ ಮಡಿಕೆ ಸರಿಮಾಡಿದರು.

"ನಮಸ್ಕಾರ. ಮೊದಲ ಒಂದು ತಪ್ಪು ಅದ. ಹಿಂದಿನ ಬ್ಯಾನರ್ ಮ್ಯಾಲ ಮಂಗಳವಾರ ಅಂತ ಬರದಾರ. ಇವತ್ತ ಬುಧವಾರ."

ಸಭೆ ನಕ್ಕಿತು. ಮಂತ್ರಿಗಳೂ ನಕ್ಕರು. ದೊಡ್ಡ ವಿಜ್ಞಾನಿಯ ಹಾಸ್ಯ ಎಂದುಕೊಂಡರು.

ನಿರೂಪಕಿ ಸೀರೆಯ ತಟ್ಟೆ ಹಿಡಿದು ಬಂದಳು. "ಪಟ್ಟಿಯ ತಾಯಿ ತೋಟವ್ವನವರು ಇದೇ ವರ್ಷ ತಮ್ಮ ಕೈಯಿಂದ ಹಾಕಿದ ಕಸೂತಿ," ಎಂದು ಹೇಳಿದಳು. ಚಪ್ಪಾಳೆ ಬಿತ್ತು. ಕಟಗೇರಿಯವರು ಸೀರೆ ಎತ್ತಿಕೊಂಡರು. ಮಗುಚಿದರು. ಕಣ್ಣಿನ ಹತ್ತಿರ ಹಿಡಿದರು.

"ಇಲ್ಲ," ಎಂದರು. "ಹಿಂದ ಗಂಟು ಅದಾವ. ಒಂದು, ಎರಡು, ಮೂರು... ಒಂದು ಗೋಪುರಕ್ಕ ಹದಿನೇಳು. ಕೈಕಸೂತಿಗೆ ಗಂಟು ಇರಂಗಿಲ್ಲ, ತೋಟವ್ವಾರಽ ನನಗ ಕಲಿಸ್ಯಾರ. ಇದು ಯಂತ್ರದ್ದು. ನಾನಽ ಅಂಗಡಿಯಿಂದ ತರಿಸಿದ್ದು. ಇದನ್ನ ತಿದ್ದಿಕೊಳ್ರಿ."

ಈಗ ಯಾರೂ ನಗಲಿಲ್ಲ. ಅವ್ವ ತಲೆಯೆತ್ತಿದಳು. ಮಂತ್ರಿಗಳ ಕಾರ್ಯದರ್ಶಿ ಎದ್ದು ಹೋಗಿ ಕಿವಿಯಲ್ಲಿ ಏನೋ ಹೇಳಿದ. ಕಟಗೇರಿಯವರು ಕೈ ಎತ್ತಿ ತಡೆದರು.

"ಒಂದ್ ನಿಮಿಷ ರೀ. ವರದಿ ಓದಿ ಕೊಡತೇನಿ." ನಲವತ್ತೆರಡನೆಯ ಪುಟ ತೆರೆದರು. "'ಪ್ರಯೋಗದಲ್ಲಿ ಭಾಗವಹಿಸಿದ ಯಾರಿಗೂ ಯಾವುದೇ ತೊಂದರೆಯಾಗಿಲ್ಲ.'" ನಿಂತರು. ಕೈಯಲ್ಲಿನ ಹಾಳೆ ನೋಡಿದರು, ವರದಿ ನೋಡಿದರು, ಮತ್ತೆ ಹಾಳೆ ನೋಡಿದರು. ಹುಬ್ಬು ಗಂಟಿಕ್ಕಿತು. ಅದು ಹೆದರಿಕೆಯಲ್ಲ, ಎರಡು ಸಾಲು ತಾಳೆಯಾಗದೆ ಇದ್ದಾಗ ಗುಮಾಸ್ತನ ಮುಖದಲ್ಲಿ ಮೂಡುವ ಕಿರಿಕಿರಿ.

"ಇದು ತಪ್ಪು ಅದ. ಭಾಗಿ ಏಳು, ಸರದಿ ಮೂವತ್ತೊಂದು. 'ಸಾಹೇಬ್ರ, ಗೋಪುರ ಕಾಣವಲ್ದು, ನಿಲ್ಲಸ್ರಿ.' ನಮ್ಮ ಪ್ರತಿಯಾಗ 'ಸ್ವಲ್ಪ ದಣಿವು' ಅಂತ ಅದ. ಆ ಅಕ್ಷರ ನಂದು. ಅಂದ್ರ ಬದಲಿ ಮಾಡಿದಾಂವ ನಾನು. ಮುಂದುವರಿಸಲು ಆದೇಶ, ಶ್ರೀ. ಕಟಗೇರಿ. ಅದೂ ನಾನು. ಯಂತ್ರ ನಡೆಸಿದವರು, ಸುಗಲಾ ಹೂಗಾರ." ತಲೆಯೆತ್ತಿ ಸಭೆಯಲ್ಲಿ ನನ್ನನ್ನು ಹುಡುಕಿದರು. "ಸರಿ ಅದ ಏನವಾ, ಸುಗಲಾ?"

ಇದು ಬರುತ್ತದೆಂದು ನನಗೆ ಗೊತ್ತಿತ್ತು. ಆ ಸಾಲನ್ನು ಮುಚ್ಚಿ ಹಾಳೆಯ ನಕಲು ಇಡಬಹುದಿತ್ತು, ಇಟ್ಟಿರಲಿಲ್ಲ. ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದೆ. ನೂರಾರು ಮುಖಗಳು ನನ್ನ ಕಡೆ ತಿರುಗಿದವು.

"ಸರಿ ಐತ್ರಿ," ಎಂದೆ.

"ಸರದಿ ಮೂವತ್ತಮೂರು. 'ಎದುರಿನ ಮನೆ ಗುರುತು ಹತ್ತಲಿಲ್ಲ.' ವರದಿಯಾಗ ಇಲ್ಲ. ಸೇರಿಸಬೇಕು. ಮೂವತ್ತಾರು. 'ಮಗಳನ್ನ ಯಾರಂತ ಕೇಳಿದರು.' ವರದಿಯಾಗ ಇಲ್ಲ. ಸೇರಿಸಬೇಕು. ಮೂವತ್ತೊಂಬತ್ತು..."

ಸಂತೆಯ ಚೀಟಿ ಓದುವ ಹಾಗೆ ಓದಿದರು. ಕಾರ್ಯದರ್ಶಿ ಮೈಕು ಬಂದ್ ಮಾಡಿಸಿದ. ಮೈಕು ನಿಂತದ್ದೂ ಅವರ ಗಮನಕ್ಕೆ ಬರಲಿಲ್ಲ. ಪತ್ರಿಕೆಯವರು ವೇದಿಕೆಯ ಅಂಚಿಗೆ ಬಂದು ಕ್ಯಾಮೆರಾ ಎತ್ತಿದರು. "ಇನ್ನ ಒಂದಽ ಉಳದದ, ತಡೀರಿ," ಎಂದು ಬರಿಗಂಟಲಿನಲ್ಲಿ ನಲವತ್ತನೆಯದನ್ನೂ ಓದಿ ಮುಗಿಸಿದರು. ಮಂತ್ರಿಗಳು ಆಗಲೇ ಇನ್ನೊಂದು ಬಾಗಿಲಿನಿಂದ ಹೊರಟುಹೋಗಿದ್ದರು, ಸಹಿಯ ಕಾಗದ ಮೇಜಿನ ಮೇಲೆ ಖಾಲಿ ಉಳಿದಿತ್ತು.

*

ಹಿಂದಿನ ಕೋಣೆಯಲ್ಲಿ ಅವರೆದುರು ಕುರ್ಚಿ ಹಾಕಿಕೊಂಡು ಕೂತೆ. ಹೊರಗೆ ಕೂಗಾಟ. ಅವರ ಫೋನು ಮೇಜಿನ ಮೇಲೆ ನಡುಗುತ್ತಲೇ ಇತ್ತು. ಅವರು ಚಹಾದ ಜೊತೆ ಕೊಟ್ಟ ಬಿಸ್ಕೀಟಿನ ತೂತುಗಳನ್ನು ನೋಡುತ್ತಿದ್ದರು.

"ಹದಿಮೂರು ತಪ್ಪು ಸಿಕ್ಕವು ಸುಗಲಾ. ಒಳ್ಳೇ ಕೆಲಸಾತು. ಜನ ಯಾಕ ಒದರ್ಲಿಕ್ಕತ್ತಾರ?"

"ಸ್ವಲ್ಪ ತಡೀರಿ. ಗೊತ್ತಾಗತೈತಿ."

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹದಿನೈದು. ಪಟ್ಟಿ ಬಿಚ್ಚಿದ್ದು ಹತ್ತೂ ಐವತ್ತಕ್ಕೆ. ಇನ್ನು ಐದು ನಿಮಿಷ.

ಹಳೆಯ ಗುಂಡಿ ಒತ್ತಿದ್ದರೆ ಅವರು ಸಾಯುವ ತನಕ ಹೀಗೇ ಸುಖವಾಗಿರುತ್ತಿದ್ದರು. ತೂತು ಎಣಿಸುತ್ತ, ತಪ್ಪು ತಿದ್ದುತ್ತ, ಏನಾಯಿತೆಂದೇ ತಿಳಿಯದೆ. ಅವ್ವನ ಬೆರಳಿಗೆ ಗೋಪುರದ ನೆನಪಿದೆ, ಅದಕ್ಕೇ ಅವಳಿಗೆ ನೋವು. ಇವರಿಗೆ ಅಂಥ ಬೆರಳಿಲ್ಲ. ಅಷ್ಟು ಸುಲಭವಾಗಿ ಇವರನ್ನು ಕಳಿಸಿಕೊಡಲು ನನಗೆ ಇಷ್ಟವಿರಲಿಲ್ಲ. ಇವರು ಹಿಂತಿರುಗಿ ಬರಬೇಕಿತ್ತು. ಅವ್ವ ಹಾಕಿದ ದಾರಿಯಲ್ಲೇ, ಬಿಟ್ಟ ಮನೆಗಳನ್ನೆಲ್ಲ ಒಂದೊಂದಾಗಿ ತುಂಬುತ್ತ, ಹೊರಟಲ್ಲಿಗೇ ಬಂದು ನಿಂತು, ಇಡೀ ಚಿತ್ರ ನೋಡಬೇಕಿತ್ತು.

ಮೊದಲು ಬಿಸ್ಕೀಟು ಕೈಯಿಂದ ಇಳಿಯಿತು. ಆಮೇಲೆ ಅವರು ಹೊರಗಿನ ಕೂಗಾಟಕ್ಕೆ ಕಿವಿಗೊಟ್ಟರು. ಫೋನಿನ ಕಡೆ ನೋಡಿದರು, ಮೇಜಿನ ಮೇಲಿನ ಹಾಳೆಗಳ ಕಡೆ, ಪಟ್ಟಿಯ ಕಡೆ, ಎಂಟರಲ್ಲೇ ನಾನು ಬಿಟ್ಟಿದ್ದ ತಿರುಗಣೆಯ ಕಡೆ. ಕೊನೆಗೆ ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ನೋಡಿದ್ದು ಅದೇ ಮೊದಲು ಅನ್ನಿಸಿತು.

"ಸುಗಲಾ," ಎಂದರು. "ಏನ್ ಮಾಡಿದಿ ಇದು?"

"ತಪ್ಪಿದ್ವು, ನೀವಽ ತಿದ್ದಿದ್ರಿ."

"ನಿನ್ನ ಹೆಸರೂ ಅದ ಅದರಾಗ. ನೀನೂ ಉಳಿಯಂಗಿಲ್ಲ."

"ಗೊತ್ತೈತ್ರಿ. ಎರಡೂ ಕಡಿ ಒಂದಽ ಥರ ಕಾಣಬೇಕಲ್ರಿ."

ಅವರು ಕನ್ನಡಕ ತೆಗೆಯಲು ಹೋದರು, ಅರ್ಧಕ್ಕೇ ಬಿಟ್ಟರು. ನಾನು ಏಳಲಿಲ್ಲ. ಒಂದು ಮುಖ ತುಂಡುತುಂಡಾಗಿ ಸೇರಿಕೊಂಡು ಪೂರ್ತಿ ಅರ್ಥವಾಗಿ, ಆಮೇಲೆ ಕುಸಿಯುವುದನ್ನು ಕೊನೆಯ ತನಕ ನೋಡಿದೆ. ನನಗೆ ಬೇಕಾಗಿದ್ದುದು ಅದು. ಸಿಕ್ಕಿತು. ಸಿಕ್ಕಾಗ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಗುರಾಗಲಿಲ್ಲ, ತಣ್ಣಗಾಯಿತು. ಅದೂ ಸಾಕಿತ್ತು.

ಬಾಗಿಲಲ್ಲಿ ಕಮಲಾಬಾಯಿ ಅವ್ವನ ಕೈ ಹಿಡಿದುಕೊಂಡು ನಿಂತಿದ್ದರು. "ಸುಗಲಾ, ಜನ ಭಾಳ ಸೇರಾಕತ್ತಾರ, ನಡಿಯವಾ," ಎಂದರು. ಅವ್ವ ಒಳಗೆ ನೋಡುತ್ತಿದ್ದಳು.

*

ಆಟೋದಲ್ಲಿ ಕೋರ್ಟು ಸರ್ಕಲ್ ದಾಟಿದ ಮೇಲೆ ಅವ್ವ ಕೇಳಿದಳು:

"ಮೈಕಿನ್ಯಾಗ ಓದಿದ್ದು ನನ್ನ ಮಾತಲ್ಲೇನ? ಗೋಪುರ ಕಾಣವಲ್ದು ಅಂದಿದ್ದು?"

"ಹೂಂ ಅವ್ವಾ."

"ಬರಕೊಂಡಿದ್ಯಾ ನೀನು?"

"ಬರಕೊಂಡಿದ್ದೆ. ಬರಕೊಂಡು ಗುಂಡಿ ಒತ್ತಿದೆ."

ಅವಳು ಹೊರಗೆ ನೋಡಿದಳು. ಅಲ್ಲಿ ಅವಳಿಗೆ ಏನು ಕಾಣುತ್ತಿತ್ತೋ, ಒಂದು ಬೋಲ್ಟು, ಒಂದು ಎಲೆ, ಒಂದು ಚಕ್ರದ ಕಡ್ಡಿ. ಬೈದರೆ ಬೈಯಲಿ ಎಂದು ಕಾದೆ. ಅವಳು ಕೈಚೀಲದಿಂದ ಬಟ್ಟೆ ತೆಗೆದು ಹೊಲಿಗೆಗಳ ಮೇಲೆ ಬೆರಳು ಸವರಿದಳು, ಮತ್ತೆ ಒಳಗಿಟ್ಟಳು.

"ಆ ಖೋಲ್ಯಾಗ ಯಾರೋ ಅಳಾಕತ್ತಿದ್ರಲ್ಲ," ಎಂದಳು. "ಕನ್ನಡಕದ ಕೆಳಗ ಒಂದು ಹನಿ ಇತ್ತು. ಇಳೀತು, ಮೀಸಿ ಕೂದಲಿಗೆ ಬಂದು ನಿಂತ್ತು. ಅಷ್ಟ ಕಂಡ್ತು ನನಗ. ಯಾರವಾ ಅದು?"

ಹನ್ನೆರಡು ವರ್ಷ ಕೂಡಿಟ್ಟು ನಾನು ಅವಳಿಗೆ ತಂದು ಕೊಟ್ಟದ್ದು ಅದು. ಅವಳಿಗೆ ಸಿಕ್ಕಿದ್ದು ಒಂದು ಹನಿ.

"ಅಂವಽ, ಅವ್ವಾ," ಎಂದೆ. "ನಿನ್ನ ಸಾಹೇಬ."

ಅವ್ವ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ನಂಬಬೇಕೋ ಬೇಡವೋ ಎನ್ನುವ ಹಾಗೆ.

"ಕೈ ತೋರಸು," ಎಂದಳು.